ಲೂರ್ದ್ ಬಾಯಿಯ ಟ್ಯಾಕ್ಸ್ ಕೋಡ್ ಸರಿಯಾದ ದಿನ

ವೇದಿಕೆಯ ಮೇಲಿರುವ ನಮ್ಮ ಸಂಘದ ಅಧ್ಯಕ್ಷರಾದ ವಿಲ್ಸನ್ ಅವರೇ, ಅಲ್ ಐನ್‌ನಿಂದ ಸ್ವತಃ ಕಾರು ಓಡಿಸಿಕೊಂಡು ಬಂದ ಮುಖ್ಯ ಅತಿಥಿ ಡಾಕ್ಟರ್ ಮೆಹರುನ್ನಿಸ ಅವರೇ, ಪದಾಧಿಕಾರಿಗಳೇ, ಹಿಂದಿನ ಬಾಗಿಲಿನಿಂದ ಬಿರಿಯಾನಿಯ ಪರಿಮಳ ಬರುತ್ತಿದ್ದರೂ ಅಲುಗಾಡದೆ ಕೂತಿರುವ ನನ್ನ ಪ್ರೀತಿಯ ಸಭಿಕರೇ,

ಸನ್ಮಾನ ಪತ್ರ ಓದಿದ ನತಾಶಾ ಅವರು ನನ್ನನ್ನು 'ಅರ್ಜಿಗಳ ಆಪದ್ಬಾಂಧವ' ಎಂದರು. ಅಬ್ಬಾ! ಈ ಕುಂಞಾಲಿಗೆ ಅಷ್ಟು ದೊಡ್ಡ ಹೆಸರೇ? ಈ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್, ಒಂದು ಕೌಂಟರು, ಎರಡು ಕಂಪ್ಯೂಟರು, ಇಪ್ಪತ್ತಾರು ವರ್ಷ. ವೀಸಾದ ಅರ್ಜಿ, ಲೈಸೆನ್ಸಿನ ಅರ್ಜಿ, ಮಗು ಹುಟ್ಟಿದ ಅರ್ಜಿ. ನಾನು ಪಾಸ್‌ಪೋರ್ಟ್ ನಂಬರ್ ಟೈಪ್ ಮಾಡದವರು ಈ ಹಾಲಿನಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಕೈ ಎತ್ತಿ. ಒಬ್ಬರೂ ಇಲ್ಲ, ನೋಡಿದಿರಾ!

ನನ್ನ ಮಗಳು ಮಿಸ್ರಿಯಾ ಚಂದದ ಒಂದು ಭಾಷಣ ಬರೆದು ಕೊಟ್ಟಿದ್ದಳು. ಅದು ಜೇಬಿನಲ್ಲೇ ಇರಲಿ. ಯಾಕೆಂದರೆ ಇವತ್ತು ನಾಲ್ಕು ಗಂಟೆಗೆ ನನ್ನ ಅಂಗಡಿಯ ಪಿ.ಒ. ಬಾಕ್ಸ್ ತೆಗೆದರೆ, ಇಂಗ್ಲೆಂಡಿನಿಂದ ಕಾಗದ! ಇಗೋ ನೋಡಿ ಮಾರಾಯ್ರೆ, ಅದೇ ಕಾಗದ! ಲೂರ್ದ್ ಬಾಯಿಯ ಟ್ಯಾಕ್ಸ್ ಕೋಡ್ ಸರಿಯಾಯಿತು! ತಪ್ಪಾಗಿ ಮುರಿದುಕೊಂಡ ಹಣವೆಲ್ಲ ವಾಪಸ್ ಬರುತ್ತದೆ! ಚಪ್ಪಾಳೆ ತಟ್ಟಿ, ಜೋರಾಗಿ ತಟ್ಟಿ!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲೂರ್ದ್ ಬಾಯಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ನೀಲಿ ಸೀರೆ. ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯಾಗಿ ಇಲ್ಲಿ ಮಗ ನಾರ್ಬರ್ಟನ ಮನೆಗೆ ಬಂದರು. ಪಿಂಚಣಿ ಅಲ್ಲಿಂದ ಬರುತ್ತದೆ. ಅಲ್ಲಿ ಪ್ರತಿ ಪಿಂಚಣಿದಾರರಿಗೂ ಒಂದು ಟ್ಯಾಕ್ಸ್ ಕೋಡ್ ಉಂಟು. ನಾಲ್ಕೈದು ಅಕ್ಷರ, ಅಂಕಿ, ಅಷ್ಟೇ. ಕೋಡ್ ಸರಿ ಇದ್ದರೆ ಬಾಯಿಯ ಪಿಂಚಣಿಗೆ ತೆರಿಗೆ ಇಲ್ಲ. ತಪ್ಪಿದರೆ ಮೊದಲ ಕಾಸಿನಿಂದಲೇ ಐದರಲ್ಲೊಂದು ಪಾಲು ಖಲಾಸ್! ಕಳೆದ ವರ್ಷ ಹಾಗೆಯೇ ಆಯಿತು. ಅಲ್ಲಿನ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಬಾಯಿ ಇನ್ನೂ ಇಂಗ್ಲೆಂಡಿನಲ್ಲೇ ದುಡಿಯುತ್ತಿದ್ದರು, ಪಿಂಚಣಿ ಎರಡನೇ ಸಂಪಾದನೆ!

ಈ ತಪ್ಪಿನ ವಿರುದ್ಧ ಹೋರಾಡಿದವನು ಯಾರು? ಕುಂಞಾಲಿ! ಐವತ್ತು ನಿಮಿಷ ಫೋನ್ ಹಿಡಿದು ಆ ಇಲಾಖೆಯವರು ಕಾಯಿಸುವಾಗ ಹಾಕುವ ಸಂಗೀತ ಕೇಳಿದವನು ಯಾರು? ಕುಂಞಾಲಿ! ಸನ್ಮಾನ ಪತ್ರದಲ್ಲಿ ಅದೂ ಉಂಟು. ಆದರೆ ಸಭಿಕರೇ, ಆ ತಪ್ಪು ಮಾಡಿದವನು ಯಾರು ಅಂತ ಪತ್ರದಲ್ಲಿ ಇಲ್ಲ.

ಡಾಕ್ಟರೇ, ಐದೇ ನಿಮಿಷ ಕೊಡಿ.

ಟೈಪಿಂಗ್ ಸೆಂಟರಿನವರ ಕೆಲಸ ಏನು? ಅರ್ಜಿ ಮುಂದಕ್ಕೆ ಹೋಗಬೇಕು. ನಮ್ಮಲ್ಲಿಲ್ಲದ್ದನ್ನು ಕಂಪ್ಯೂಟರ್ ಕೇಳಿದರೆ ಏನಾದರೊಂದು ತುಂಬಿಸು, ಯಲ್ಲಾ, ಬೇಗ ಬೇಗ, ಮುಂದಿನವರು ಬನ್ನಿ. ಬಾಯಿ ವಿಳಾಸ ಬದಲಾದದ್ದನ್ನು ಆ ಇಲಾಖೆಗೆ ತಿಳಿಸಲು ನನ್ನ ಕೌಂಟರಿಗೆ ಬಂದರು. ಪಿ.ಒ. ಬಾಕ್ಸ್, ಅಬುಧಾಬಿ, ಎಲ್ಲ ಬರೆದೆ. ಕೆಳಗೆ ಪೋಸ್ಟ್ ಕೋಡ್ ಕೇಳಿತು. ಈ ದೇಶದಲ್ಲಿ ಪೋಸ್ಟ್ ಕೋಡ್ ಎಲ್ಲಿಂದ ತರಲಿ? ಐದು ಸೊನ್ನೆ ಹಾಕಿದೆ, ಕೆಂಪು ಗೆರೆ. ಆರು ಸೊನ್ನೆ ಹಾಕಿದೆ, ಕೆಂಪು ಗೆರೆ. ಹಿಂದೆ ಹನ್ನೊಂದು ಜನ ಸಾಲಿನಲ್ಲಿ. ಬಾಯಿಯ ಹಳೆಯ ಕಾಗದದಲ್ಲಿ ವೃದ್ಧಾಶ್ರಮದ ಪೋಸ್ಟ್ ಕೋಡ್ ಇತ್ತು, ಅದನ್ನೇ ಒತ್ತಿದೆ. ಹಸಿರಾಯಿತು! ಎಷ್ಟು ಜಾಣ ನಾನು ಅಂದುಕೊಂಡೆ. ಅದು ನಾನು ಬರೆದ ವಿಳಾಸವನ್ನು ಅಳಿಸಿ ಹಳೆಯ ವಿಳಾಸವನ್ನೇ ಎಳೆದು ತಂದದ್ದು ನಾನು ನೋಡಲೇ ಇಲ್ಲ. 'ಈ ಕೋಡ್ ಸರಿಯೇ' ಎಂದು ಕೇಳಿ ಅವರು ಬರೆದ ಕಾಗದಗಳೆಲ್ಲ ಆ ವೃದ್ಧಾಶ್ರಮಕ್ಕೇ ಹೋದವು; ಉತ್ತರ ಬಾರದ್ದಕ್ಕೆ ತಪ್ಪು ಕೋಡೇ ಗಟ್ಟಿಯಾಯಿತು.

ಏಳು ತಿಂಗಳ ಹಿಂದೆ ನಾರ್ಬರ್ಟನ ಮನೆಯಲ್ಲಿ ತೆರಿಗೆ ಇಲಾಖೆಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಕೂತಿದ್ದೆವು. ಆ ಕಡೆಯ ಹುಡುಗಿ ಪಾಪ ಒಳ್ಳೆಯವಳು, ವಿಳಾಸ ಓದಿದಳು. ಅದೇ ವೃದ್ಧಾಶ್ರಮದ್ದು; ನನ್ನ ಕೆಲಸವೇ ಅಂತ ನನಗೆ ಆಗಲೇ ಗೊತ್ತಾಯಿತು. ನಾರ್ಬರ್ಟ್ ಕೇಳಿದ, "ಇದನ್ನು ಯಾರು ಬರೆದದ್ದು?" ಬಾಯಿ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, "ನಾನೇ ಮನೆಯಲ್ಲಿ ಕೂತು ಬರೆದೆ ಪುತಾ, ಹೊಸ ವಿಳಾಸ ಹಾಕಲು ಮರೆತು ಹೋಯಿತು."

ಲಿಫ್ಟಿನವರೆಗೆ ಬಂದಾಗ ಕೇಳಿದೆ, "ಯಾಕೆ ಬಾಯಿ ಹಾಗೆ ಹೇಳಿದಿರಿ?" ಅವರೆಂದರು, "ನಾಳೆ ನಿಮ್ಮ ಕೌಂಟರಿಗೆ ಜನ ಬರಬೇಕಲ್ಲ ಕುಂಞಾಲಿ. ನನಗೆ ಹೋಗುವುದು ಎಂಥದು?"

ಹೋಯಿತು ಸಭಿಕರೇ. ಬಹಳ ಹೋಯಿತು. ಮಮ್ಮಿಗೆ ಮರೆವಿನ ಕಾಯಿಲೆ ಅಂತ ನಾರ್ಬರ್ಟ್ ಬ್ಯಾಂಕಿನ ಕಾರ್ಡ್ ತೆಗೆದಿಟ್ಟುಕೊಂಡ. ಅವನದು ತಪ್ಪಲ್ಲ, ಹೆದರಿದ. ಮೊಮ್ಮಗಳಿಗೆ ಐಸ್‌ಕ್ರೀಮ್ ಕೊಡಿಸಲು ಬಾಯಿ ಮಗನ ಹತ್ತಿರ ಕೈ ಚಾಚಬೇಕಾಯಿತು. ಒಬ್ಬರೇ ಚರ್ಚಿಗೆ ಹೋಗುವುದೂ ನಿಂತಿತು. ಮರೆವಿನ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾಗದ ಕೊಟ್ಟು, "ಗಡಿಯಾರದ ಚಿತ್ರ ಬರೆಯಿರಿ, ಹನ್ನೊಂದು ಹತ್ತು ತೋರಿಸಿ" ಅಂದರಂತೆ. ಹತ್ತೊಂಬತ್ತು ವರ್ಷ ಇದೇ ಗಡಿಯಾರವನ್ನು ಮುದುಕರ ಕೈಯಲ್ಲಿ ಬರೆಸಿದ ನರ್ಸ್, ತಾನು ಕೂತು ಬರೆದರು. ಸರಿಯಾಗಿಯೇ ಬರೆದರು. ಆದರೂ ಕಾರ್ಡ್ ವಾಪಸ್ ಬರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತಾ? ಗೊತ್ತಿತ್ತು. ಏಳು ತಿಂಗಳು ಅವರ ಮನೆಯ ಚಹಾ ಕುಡಿದೆ, ನಿಜ ಹೇಳಲಿಲ್ಲ. ಕೋಡ್ ಸರಿಯಾಗಲಿ, ಆಮೇಲೆ ಹೇಳೋಣ ಅಂತ ದಿನ ದೂಡಿದೆ. ಥೂ, ನಾಚಿಕೆಯಾಗುತ್ತದೆ. ಇವತ್ತು ಕೋಡ್ ಸರಿಯಾಯಿತು, ಇನ್ನು ನೆಪ ಎಲ್ಲಿದೆ?

ನಾರ್ಬರ್ಟ್, ಎದ್ದು ನಿಲ್ಲಪ್ಪಾ. ನಿನ್ನ ತಾಯಿ ಏನನ್ನೂ ಮರೆತಿಲ್ಲ. ಆ ಪೋಸ್ಟ್ ಕೋಡ್ ಒತ್ತಿದ ಬೆರಳು ಇದು, ಈ ಕುಂಞಾಲಿಯದು. ಕಾರ್ಡ್ ನಿನ್ನ ಪರ್ಸಿನಲ್ಲೇ ಉಂಟಲ್ಲ? ತೆಗೆ. ಮನೆಗೆ ಹೋಗಿ ಅಲ್ಲ, ಈಗಲೇ, ಎಲ್ಲರೂ ನೋಡುವ ಹಾಗೆ. ಅವರ ಕೈಗೆ ಕೊಡುವವರೆಗೆ ನಾನು ಮೈಕ್ ಬಿಡುವುದಿಲ್ಲ, ಬಿರಿಯಾನಿ ತಣ್ಣಗಾದರೂ ಸರಿ.

ಹಾಂ... ಕೊಟ್ಟ! ಕೊಟ್ಟ ನೋಡಿ! ಬಾಯಿ, ಅಳಬೇಡಿ. ಅತ್ತರೂ ಪರವಾಗಿಲ್ಲ, ನಾನೂ ಅಳುತ್ತಿದ್ದೇನೆ. ನನ್ನನ್ನು ಕ್ಷಮಿಸಿ ಬಾಯಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ಸನ್ಮಾನ ಮಾಡಿ ಈಗ ಪಶ್ಚಾತ್ತಾಪ ಪಡುತ್ತಿರಬಹುದಾದ ಸಂಘಕ್ಕೂ ಧನ್ಯವಾದಗಳು. ನಾಳೆ ಬೆಳಿಗ್ಗೆ ಎಂಟಕ್ಕೆ ಕೌಂಟರ್ ತೆರೆದಿರುತ್ತದೆ. ಬರುವವರು ಬನ್ನಿ. ಬಾರದವರ ಮೇಲೆ ನನಗೆ ಸಿಟ್ಟಿಲ್ಲ. ನಮಸ್ಕಾರ.