ಗೋದೂಬಾಯಿಯ ಲೇಡೀಸ್ ಸೈಕಲ್ಲು

…ಅಲ್ರಿ ಮಲ್ಲಿಕಸಾಬ್ರ, ನಾ ಎಲ್ಲೆ ಬ್ಯಾಡ ಅಂದೆ? ಲೇಡೀಸ್ ಸೈಕಲ್ ಬೇಕಂತನ ಬೆಳಿಗ್ಗೆ ಎದ್ದು ಬ್ಯಾಡಗಿಯಿಂದ ಹಾವೇರಿಗೆ ಬಂದೀನಿ. ತೊಗೊಂಡ ಹೋಗ್ತೀನಿ. ಆದರ ಇದು ಹೆಂಗಸರಿಗೆ ಅವಶ್ಯ ಅದ ಅಂತ ಮಾತ್ರ ನನ್ನ ಮುಂದ ಹೇಳಬ್ಯಾಡ್ರಿ. ಸುಳ್ಳು ಅದು. ಶುದ್ಧ ಸುಳ್ಳು!

ಯಾಕ ನಗ್ತೀರಿ? ನಗೂವಂಥಾದ್ದು ಏನದ ಇದರಾಗ? ನಿಮ್ಮ ಅಂಗಡ್ಯಾಗ ಇದೊಂದನ ಲೇಡೀಸ್ ಸೈಕಲ್ ಅದ. ಅದರ ಮ್ಯಾಲಿನ ಧೂಳಾ ನೋಡ್ರಿ! ಬೆರಳಿಲೆ ನನ್ನ ಹೆಸರು ಬರೀಬಹುದು. ಇಷ್ಟ ದಿನಕ್ಕ ಕೊಳ್ಳಾಕೀ ಒಬ್ಬಾಕಿ ಬಂದಾಳ. ನೀವು ಖುಷಿ ಪಡಬೇಕು. ಪಡ್ರಿ. ನಾ ಮಾತಾಡಿ ಮುಗಸೂತನಕ ತಡೀರಿ, ಅಷ್ಟ.

ಆ ಚಿತ್ರದ ಪುಸ್ತಕ ಈ ಕಡೆ ತಿರುಗಿಸ್ರಿ. ಹಾಂ. ಈಕೀನ್ನ ನೋಡ್ರಿ, ಈ ವಿಲಾಯತಿ ಮಡ್ಡಮ್ಮನ್ನ. ನಡುವ ಬಾರ್ ಇಲ್ಲದ ಸೈಕಲ್ ಮ್ಯಾಲೆ ಕುಂತಾಳ. ಬಾರ್ ಯಾಕ ತಗದಾರ? ಈಕೀ ಲಂಗದ ಸಲುವಾಗಿ. ಲಂಗಾ ಉಟ್ಟು ಕಾಲು ದಾಟಿಸ್ಲಿಕ್ಕೆ ಆಗೂದಿಲ್ಲ. ಅದಕ್ಕ ವಿಲಾಯತ್ಯಾಗ ಯಾರೋ ಕುಂತು, ವಿಚಾರ ಮಾಡಿ, ಬಾರ್ ಬಗ್ಗಿಸಿ ಕೆಳಗ ಇಳಿಸಿದ್ರು. ಛಲೋ ಆತು. ಆಕೀಗೆ ಅನುಕೂಲ ಆತು. ನನಗೇನು ಸಂಬಂಧ? ನಾ ಹದಿನೆಂಟು ಮೊಳದ ಸೀರಿ ಕಚ್ಚಿ ಹಾಕಿ ಉಡಾಕಿ. ಎರಡೂ ಕಾಲು ಬ್ಯಾರೆ ಬ್ಯಾರೆ ಅವ. ಒಂದು ಆ ಕಡೆ, ಒಂದು ಈ ಕಡೆ. ಕುದುರಿ ಹತ್ತು ಅಂದ್ರ ಕುದುರೀನೂ ಹತ್ತೇನು. ನಮ್ಮ ಮುತ್ತಜ್ಜಿ ಉಟ್ಟ ಸೀರಿಗೆ ಈ ಬಾರ್ ಅಡ್ಡ ಬರೂದಿಲ್ಲ.

ಮತ್ತ ಇದು. ಹಿಂದಿನ ಗಾಲಿಗೆ ಬಣ್ಣಬಣ್ಣದ ದಾರದ ಜಾಳಿಗಿ. ಸೆರಗು ಸಿಗಬಾರದಂತ! ನನ್ನ ಸೆರಗು ಟೊಂಕದಾಗ ಸಿಗಿಸಿರ್ತೀನಿ, ಅದು ಎಲ್ಲೆ ಹಾರಿ ಹೋಗ್ತದ? ಹಾರೂದು ಗಂಡಸರ ಧೋತರ. ಕೋರ್ಟಿನ ಮುಂದ ಒಂದ ತಾಸು ನಿಂತ ನೋಡ್ರಿ, ಎಷ್ಟ ಮಂದಿ ಚೈನಿನಾಗ ಸಿಕ್ಕ ಧೋತರ ಬಿಡಿಸ್ಕೋತ ಕುಕ್ಕರಗಾಲಿಲೆ ಕುಂತಿರ್ತಾರ. ಅವರಿಗೆ ಯಾರರ ಜಾಳಿಗಿ ಮಾರ್ತಾರೇನು? ನೀವರ ಮಾರೀರೇನು, ಒಬ್ಬ ವಕೀಲಗ? … ಇಲ್ಲ. ನೋಡ್ರಿ ಮತ್ತ.

ಗಂಟಿ ಹೊಡೀರಿ. ಹೆಂಗಸರ ಗಂಟಿ ಅಂತೀರಲ್ಲ, ಹೊಡೀರಿ ಕೇಳೂಣು. … ಇದೇನ್ರಿ, ನೆಗಡಿ ಆದಂಗ ಅದ! ಕಾಗಿನೆಲಿ ಹಾದ್ಯಾಗ ಎಮ್ಮಿ ಅಡ್ಡ ಮಲಗಿರ್ತದ. ಈ ಸಪ್ಪಳಾ ಕೇಳಿ, ‘ಓಹೋ, ಯಾರೋ ಹೆಣ್ಣಮಗಳು ಬಂದಾಳ, ಏಳೂಣು’ ಅಂತದೇನು?

ಮತ್ತ ಈ ಡಬ್ಬಿ ಏನು? … ಲೇಡೀಸ್ ಎಣ್ಣಿ! ಚೈನಿಗೆ ಗೊತ್ತಾಗ್ತದೇನ್ರಿ, ತನಗ ಎಣ್ಣಿ ಬಿಟ್ಟವರು ಯಾರು ಅಂತ?

‘ಹಂಗಾದರ ಯಾಕ ತೊಗೋತೀ ತಾಯಿ’ ಅಂತ ಕೇಳ್ತೀರಿ. ಬಾಯಿಲೆ ಕೇಳಲಿಲ್ಲ, ಹುಬ್ಬಿಲೆ ಕೇಳಿದ್ರಿ. ಆಸೆ, ಮಲ್ಲಿಕಸಾಬ್ರ. ಆಸೆ. ಹೆಣ್ಣಮಗಳಿಗೆ ಒಂದು ಆಸೆ ಇರಬಾರದೇನು? ಹಸರ ಬಣ್ಣ ಛಂದ ಕಂಡದ. ಮುಗೀತು.

ಸೈಕಲ್ ಹೊಡೀಲಿಕ್ಕೆ ಬರ್ತದೋ ಇಲ್ಲೋ ಅಂತ ಅನುಮಾನ ಬ್ಯಾಡ. ನನ್ನ ಗುರುತು ಹತ್ತಲಿಲ್ಲೇನು? ನಮ್ಮನಿಯವರ ಹೆಸರು ನಾ ಹೇಳೂದಿಲ್ಲ. ನಿಮ್ಮ ಮನ್ಯಾಗಿನ ಕುಲ್ಸುಮಬಿ ಅವರೂ ನಿಮ್ಮ ಹೆಸರು ಹೇಳೂದಿಲ್ಲಲ್ಲ, ಹಂಗ. ದೇವಿ ಹಾಕೋ ರಾಯರು ಅಂದ್ರ ಈ ಕಡೆ ಯಾವ ಹಳ್ಳಿಗೆ ಹೋದರೂ ಗೊತ್ತು. ದೇವಿ ಬ್ಯಾನಿ, ಸಿಡುಬು ಅಂತಾರಲ್ಲ, ಅದು ಬರಬಾರದಂತ ಕೂಸುಗಳ ತೋಳಿಗೆ ಚುಚ್ಚಿ ಔಷಧ ಹಾಕೋರು. … ಹಾಂ, ಅವರ! ಅವರ ಮನ್ಯಾಕಿ ನಾ, ಗೋದೂಬಾಯಿ.

ಅವರು ಬಂದ್ರು ಅಂದ್ರ ಮೊದಲ ಏನಾಗ್ತಿತ್ತು ಗೊತ್ತದೇನು? ಹೆಂಗಸರು ಕೂಸು ಬಚ್ಚಿಡ್ತಿದ್ರು. ಕಣಜದಾಗ, ಅಟ್ಟದ ಮ್ಯಾಲೆ, ಎಲ್ಲೆ ಬೇಕಾದಲ್ಲೆ. ಮೋಟೆಬೆನ್ನೂರಾಗ ದೌಲತಬಿ ಅಂತ ಒಬ್ಬಾಕಿ, ಮೊಮ್ಮಗನ ಮ್ಯಾಲೆ ದೊಡ್ಡ ಬುಟ್ಟಿ ಡಬ್ಬ ಹಾಕಿ, ‘ಒಳಗ ಕೋಳಿ ಅದಾವ್ರಿ ರಾಯರ’ ಅಂದ್ಲು. ಬುಟ್ಟಿ ಸೀನ್ತು. ಇವರು ಏನ ಮಾಡಬೇಕು? ಗಂಡಸು ಮನುಷ್ಯಾ, ಪಡಸಾಲಿ ದಾಟಿ ಒಳಗ ಹೋಗೂಹಂಗಿಲ್ಲ. ಕೋಳಿಗೆ ನಮಸ್ಕಾರ ಮಾಡಿ ಹೊಳ್ಳಿ ಬಂದ್ರು. ಬಂದು, ‘ಗೋದೂ, ನೀ ಬಂದ್ರ ನಿನಗ ಒಳಗ ಬಿಡ್ತಾರ’ ಅಂದ್ರು.

ಅವತ್ತಿಂದ ಹೊಂಟೆ ನೋಡ್ರಿ. ಹಿಂದಿನ ಕ್ಯಾರಿಯರ್ ಮ್ಯಾಲೆ ಕುಂತು ಊರ ಅಗಸಿ ಬಾಗಲತನಕ, ಅಲ್ಲಿಂದ ನಡಕೋತ. ನಾ ಅಡಗಿ ಮನ್ಯಾಗ ಕುಂತು ಮಾತಾಡಿ ಮಾತಾಡಿ ಕೂಸು ಹೊರಗ ತರತಿದ್ದೆ, ಇವರು ಚುಚ್ಚತಿದ್ರು. ದೌಲತಬಿ ಮೊಮ್ಮಗಗೂ ಹಾಕಿದಿವಿ. ಮುಂದಿನ ವರ್ಷ ಆ ಓಣ್ಯಾಗ ದೇವಿ ಬ್ಯಾನಿ ಬಂತು. ಆ ಹುಡುಗ ಉಳೀತು. ಆಕಿ ಬ್ಯಾಡಗೀತನಕ ನಡಕೋತ ಬಂದು ನಮ್ಮ ಕಟ್ಟಿ ಮ್ಯಾಲೆ ಕುಂತು ಅತ್ತಳು. ಖರೇಖರೇ ಒಂದು ಕೋಳಿ ತಂದಿದ್ಲು. ಬ್ರಾಹ್ಮಣರ ಮನಿಗೆ ಕೋಳಿ! ನೀನ ಅದನ್ನ ಸಾಕ್ಕೋ ತಾಯಿ ಅಂತ ಕೈ ಮುಗದು ಕಳಿಸಿದಿವಿ.

ಸೈಕಲ್ ಹೊಡೀಲಿಕ್ಕೆ ಕಲಿಸಿದವರೂ ಇವರ. ಮೆಣಸಿನಕಾಯಿ ಒಣಗ ಹಾಕೋ ಬಯಲಿನಾಗ, ಮಂದಿ ಏಳೂಕಿಂತ ಮೊದಲ. ಹಿಂದಿಂದ ಸೀಟು ಹಿಡಕೊಂಡು ಓಡತಿದ್ರು. ಬಿಟ್ಟಬಿಡ್ತಿದ್ರು, ನನಗ ಹೇಳತಿದ್ದಿಲ್ಲ. ಗಂಡಸರ ಸೈಕಲ್ಲ ಅದು, ಬಾರ್ ಇದ್ದದ್ದು. ಇವತ್ತೂ ಅದನ್ನ ಹೊಡಕೊಂಡು ಬ್ಯಾಡಗಿಯಿಂದ ಬಂದೀನಿ. ನಿಮ್ಮ ಗ್ವಾಡಿಗೆ ಆನಿಸೀನಲ್ಲ, ಅದ.

ಹೋದ ಬ್ಯಾಸಿಗ್ಯಾಗ ಕಾಗಿನೆಲಿಯಿಂದ ಹೊಳ್ಳಿ ಬರೂಮುಂದ ಏರು ಬಂತಂತ ನಾ ಇಳದು ನಡೀಲಿಕ್ಕೆ ಹತ್ತಿದ್ದೆ. ಇವರು ಮುಂದ ಹೋದ್ರು. ಆ ಕಡೆ ಇಳಕಲಿನಾಗ ಮೋರಿ ಕಲ್ಲಿಗೆ ಗಾಲಿ ಬಡದು, ಕೆಳಗ ಒಣ ಹಳ್ಳದಾಗ ಬಿದ್ದಿದ್ರು. ನಾ ಹೋಗೂದ್ರಾಗ ಮಕ ಬಿಳೀ ಸುಣ್ಣ ಆಗಿತ್ತು. ನಗಲಿಕ್ಕೆ ನೋಡಿದ್ರು. ‘ಗೋದೂ, ಕಾಲು ನನ್ನ ಮಾತ ಕೇಳವಲ್ಲದು’ ಅಂದ್ರು.

ಹೊಲದಾಗ ಕೊಟ್ರಪ್ಪ ಅಂತ ಒಬ್ಬಾಂವ ಇದ್ದ. ಓಡಿ ಬಂದು ತಲಿಗೆ ತನ್ನ ಕಂಬಳಿ ಮಡಚಿ ಇಟ್ಟ. ನಾ ಸೈಕಲ್ ಎತ್ತಿದೆ. ‘ನೀ ಹೆಂಗ ಹೋಗ್ತಿ ಯವ್ವಾ, ಅದು ಗಂಡಸರ ಸೈಕಲ್ ಐತಿ’ ಅಂದ. ‘ಅದಕ್ಕ ಗೊತ್ತಿಲ್ಲಪಾ, ನೀ ಹೇಳಬ್ಯಾಡ’ ಅಂದು ಹತ್ತಿದೆ.

ಅವತ್ತ ಬ್ಯಾಡಗಿ ಪ್ಯಾಟಿ, ಮಲ್ಲಿಕಸಾಬ್ರ. ಹಾದಿ ತುಂಬ ಮೆಣಸಿನಕಾಯಿ ಚೀಲ, ಬಂಡಿ, ದಲಾಲರು. ಅದರ ನಟ್ಟನಡುವ ಬ್ರಾಹ್ಮಣರ ಹೆಣ್ಣಮಗಳು ಕಚ್ಚಿ ಸೀರ್ಯಾಗ, ಗಂಡಸರ ಸೈಕಲ್ ಮ್ಯಾಲೆ, ‘ಸರೀರಿ, ಸರೀರಿ’ ಅಂತ ಒದರ್ಕೋತ! ಸೀನೂ ಮಂದಿ ಸೀನೂದು ಬಿಟ್ಟು ನೋಡಿದ್ರು. ತಕ್ಕಡಿ ಹಿಡದಾಂವ ಹಿಡದಂಗ ನಿಂತ. ನಾ ಯಾರ ಮಕಾನೂ ನೋಡಲಿಲ್ಲ. ದವಾಖಾನಿ ಡಾಕ್ಟರನ್ನ ಬಂಡ್ಯಾಗ ಕುಂಡ್ರಿಸಿಕೊಂಡು ಹೊಳ್ಳಿ ಹೋದೆ.

ಅವತ್ತ ಒಬ್ಬರರ ಅಂದ್ರೇನು, ‘ಗೋದೂಬಾಯಿ, ನಿಮ್ಮ ಗಾಲಿಗೆ ಜಾಳಿಗಿ ಇಲ್ಲ’ ಅಂತ? … ಅದ ನಾ ಹೇಳೂದು.

ಈಗಾ? ಈಗ ಗಟ್ಟಿ ಆಗ್ಯಾರ. ಪೂರಾ ಗಟ್ಟಿ. ಊರಿಕೊಂಡು ನಡಿಯೂ ಬಡಗೀನೂ ಬಿಟ್ಟಾರ. ನೋಡಿದ್ರ ಬಿದ್ದವರು ಅಂತ ಅನ್ನಿಸೂದ ಇಲ್ಲ. … ಹೂಂ, ಕೆಲಸಕ್ಕೂ ಹೋಗ್ತಾರ. ಅಂದ್ರ, ಹೋಗ್ತಾರ. ಸೋಮವಾರ ಹಾಜರಿ ಅದ. ಹೊಸಾ ಸಾಹೇಬ ಬಂದಾನಂತ, ದೇವಿ ಹಾಕೋರನ್ನೆಲ್ಲಾ ರಾಣೇಬೆನ್ನೂರಿಗೆ ಕರದಾನ. ಸೈಕಲ್ ಮ್ಯಾಲೆನ ಬರಬೇಕಂತ. ಹಳ್ಳಿ ತಿರುಗೂ ತಾಕತ್ತು ಯಾರಿಗದ, ಯಾರನ್ನ ಮನಿಗೆ ಕಳಿಸಬೇಕು, ತಾನ ಕಣ್ಣಿಲೆ ನೋಡ್ತಾನಂತ… ಅದು ಬ್ಯಾರೆ ಮಾತು. ಅದಕ್ಕೂ ಇದಕ್ಕೂ ಏನು ಸಂಬಂಧ? ಯಾಕ ಹೇಳಿದೆ ನಾ ಅದನ್ನ?

ಸೈಕಲ್ ಹೊರಗ ತಗೀರಿ. ಧೂಳಾ ಒರಸ್ರಿ. ಲಡಾಯಿ ಸುರು ಆದ ಮ್ಯಾಲೆ ವಿಲಾಯತಿ ಮಾಲ ಬರೂದಿಲ್ಲ ಅಂತೀರಿ, ಇದ್ದದ್ದನ್ನರ ಒರಸ್ರಿ. … ಗಾಳಿ ಸರಿ ಅದ. ಬ್ರೇಕು? … ಹಿಡೀತದ. ಛಲೋ.

ಸೀಟು ಒಂಚೂರು ಮ್ಯಾಲೆ ಮಾಡ್ರಿ.

ಇನ್ನೊಂಚೂರು.

ಇನ್ನೂ… ಸಾಲೂದಿಲ್ಲ, ಇನ್ನೂ ಮ್ಯಾಲೆ. ಹೆದರಬ್ಯಾಡ್ರಿ, ಏರಸ್ರಿ. ಮಣಕಾಲು ಭಾಳ ಮಡಚೂ ಹಂಗ ಇರಬಾರದು.

ಯಾಕ ನಿಂತ್ರಿ? … ಪಾನಾ ಯಾಕ ಕೆಳಗ ಇಟ್ರಿ? ಸೀಟು ಬಿಗಿ ಮಾಡ್ರಿ.

ಏನ ನೋಡ್ತೀರಿ? ಸೀಟ ನೋಡ್ತೀರಿ, ನನ್ನ ನೋಡ್ತೀರಿ. ಸೀಟು ನನ್ನ ಎದಿಮಟ್ಟಾ ಬಂದದ, ಹೌದು. ಕಂಡದ ನನಗ. ಹತ್ತತೀನಿ ನಾ. ಹಾರಿ ಹತ್ತತೀನಿ…

ಆ ಪಾನಾ ಈ ಕಡೆ ಕೊಡ್ರಿ, ನಾನ ಬಿಗಿ ಮಾಡ್ತೀನಿ.

…

ಹೌದ್ರಿ. ನನ್ನ ಕಾಲು ಪೆಡಲಿಗೆ ಎಟಕೂದಿಲ್ಲ.

ಕುಂಡ್ರತೀನಿ ಒಂದೀಟು. ಆ ಸ್ಟೂಲ್ ಈ ಕಡೆ ಸರಸ್ರಿ.

ಮುಂದ ಹಿಂದ ಆಡ್ತದ ನಮ್ಮನಿಯವರ ಕಾಲು. ನಡೀತಾರ, ಗುಡೀತನಕ ಹೋಗಿ ಬರ್ತಾರ. ಆದರ ಮಗ್ಗಲಿಗೆ ಏಳೂದಿಲ್ಲ. ಬಾರ್ ದಾಟೂದಿಲ್ಲ. ಮೊನ್ನೆ ಹಿತ್ತಲದಾಗ ನಾ ಇಲ್ಲಂತ ತಿಳಕೊಂಡು ಸೈಕಲ್ ಹೊರಗ ತಗದ್ರು. ಗ್ವಾಡಿಗೆ ಆನಿಸಿ ನೋಡಿದ್ರು, ಆಗಲಿಲ್ಲ. ಕಟ್ಟಿ ಮ್ಯಾಲೆ ನಿಂತ ನೋಡಿದ್ರು, ಆಗಲಿಲ್ಲ. ಕಡೀಕ ಸೈಕಲ್ ನೆಲಕ್ಕ ಮಲಗಿಸಿ ಅದನ್ನ ದಾಟಲಿಕ್ಕೆ ನೋಡಿದ್ರು… ಮಲಗಿದ ಮನುಷ್ಯಾನ್ನ ದಾಟೂ ಹಂಗ, ಸಾವಕಾಶ. ನಾ ಅಡಗಿ ಮನಿ ಕಿಡಕ್ಯಾಗಿಂದ ನೋಡಿದೆ. ಆಮ್ಯಾಲೆ ಅರಿವಿ ತಂದು ಸೈಕಲ್ಲಿನ ಮಣ್ಣು ಒರಸಿದ್ರು. ಭಾಳ ಹೊತ್ತು ಒರಸಿದ್ರು. ಇದ್ದ ಜಾಗಾದಾಗನ ಇಟ್ರು. ನಾ ಜೋರ ಸಪ್ಪಳಾ ಮಾಡಿ ಖಾರ ಅರೀಲಿಕ್ಕೆ ಕುಂತೆ.

ನೀವ ಹೇಳ್ರಿ, ಅವರ ಮುಂದ ಹೋಗಿ ‘ಹೆಂಗಸರ ಸೈಕಲ್ ತೊಗೋರಿ’ ಅನ್ನಲೇನು? ಕೆಲಸಾ ಹೋದರ ಹೋಗ್ಲಿ ಅಂದಾರು, ಅದನ್ನ ಮುಟ್ಟಲಿಕ್ಕಿಲ್ಲ. ನಾನ ಹಟಾ ಹಿಡದೆ. ಈ ವಯಸ್ಸಿನಾಗ! ನನಗ ಲೇಡೀಸ್ ಸೈಕಲ್ ಬೇಕು, ಹಸರಂದ ಬೇಕು, ಹಾವೇರ್ಯಾಗ ಮಲ್ಲಿಕಸಾಬರ ಅಂಗಡ್ಯಾಗ ಅದ. ‘ನಿನಗ್ಯಾಕ ಗೋದೂ, ಇದ್ದದ್ದನ್ನ ಛಲೋ ಹೊಡೀತೀಯಲ್ಲ’ ಅಂದ್ರು. ‘ಆಸೆ’ ಅಂದೆ. ನನ್ನ ಮಕಾ ನೋಡಿಕೋತ ಕುಂತ್ರು. ತಿಳೀತೋ ಇಲ್ಲೋ, ನಾ ಕೇಳಲಿಲ್ಲ. ‘ರೈಲಿನಾಗ ಬರ್ತೀನಿ, ಇಬ್ಬರೂ ಕೂಡಿ ನೋಡೂಣು’ ಅಂದ್ರು.

ಪ್ಯಾಸೆಂಜರ್ ಬಂತೇನು? … ಹೌದು, ಸಿಳ್ಳೆ ಕೇಳ್ತು ನನಗೂ. … ಅಗಾ, ಬಂದ್ರು. ಬಿಳೀ ರುಮಾಲದವರು. ಮಲ್ಲಿಕಸಾಬ್ರ, ನಿಮ್ಮ ಕಾಲಿಗೆ ಬೀಳ್ತೀನಿ, ಈಗ ಹೇಳಿದ್ದು ಅವರ ಮುಂದ ಬಾಯಿ ಬಿಡಬ್ಯಾಡ್ರಿ. ಆ ಸೀಟು ಬಿಗಿ ಮಾಡಿಬಿಡ್ರಿ. ಗಟ್ಟಿ.

ಬರ್ರಿ, ಬರ್ರಿ! ಭಾಳ ನಡೀಬೇಕಾತೇನು ಟೇಶನ್ನಿಂದ? … ನೋಡ್ರಿಲ್ಲೆ, ನನ್ನ ಸೈಕಲ್! ಛಂದ ಅದ ಹೌದಲ್ಲೋ? ಆದರ ಒಂದು ಫಜೀತಿ ಆಗೇದ. ಇವರು ಸೀಟು ಏರಿಸಿ ಬಿಗಿ ಮಾಡಿಬಿಟ್ಟಾರ, ಈಗ ಇಳಿಯವಲ್ಲದು. ನನ್ನ ಕಾಲಿಗೆ ಎಟಕೂದಿಲ್ಲ. ಹೌದಲ್ರಿ ಮಲ್ಲಿಕಸಾಬ್ರ? … ನೋಡ್ರಿ, ಹೌದಂತಾರ. ಮನೀತನಕ ಇದನ್ನ ನೀವ ಹೊಡಕೊಂಡ ನಡೀರಿ. ನಾ ನಿಮ್ಮದರ ಮ್ಯಾಲೆ ಬರ್ತೀನಿ. … ಯಾರ ನೋಡ್ತಾರ? ಹೆಂಡತಿ ಸೈಕಲ್ ಗಂಡ ಮನಿಗೆ ಒಯ್ಯಬಾರದೇನು? ಸೋಮವಾರಾನೂ ಇದನ್ನ ಒಯ್ಯಿರಿ, ನಿಮ್ಮದರ ಚೈನು ಯಾಕೋ ಕಿರಗುಡ್ತದ ಅಂತ… ಆತು, ಆತು, ಸೋಮವಾರದ ಮಾತು ಈಗ ಬ್ಯಾಡ. ಹತ್ತರಿ ಮೊದಲ.

ಮಲ್ಲಿಕಸಾಬ್ರ, ನಾ ಆ ಕಡೆ ನೋಡೂದಿಲ್ಲ. ಈ ಎಣ್ಣಿ ಡಬ್ಬಿ ನೋಡ್ತೀನಿ. ನೀವ ಹೇಳ್ರಿ… ಕಾಲು ಆ ಕಡೆ ದಾಟಿತೇನು? … ಹತ್ತಿದ್ರೇನು? … ಮಾತಾಡ್ರಲಾ! ಈಗರ ಬಾಯಿ ಬಿಡ್ರಿ! ಬಿದ್ರೇನು? … ಯಾಕ ಸುಮ್ಮನ ಕೈ ತೋರಸ್ತೀರಿ? ಯಾವ ಕಡೆ? … ಎಲ್ಲೆ ಅವರು?

ಅಯ್ಯ… ಕೋರ್ಟ್ ದಾಟಿದ್ರೇನು?

ನಿಂದರ್ರಿ! ನಿಂದರ್ರಿ ಅಂದ್ರ! ನೋಡ್ರಿ ಇವರನ್ನ, ನನ್ನ ಬಿಟ್ಟ ಹೊಂಟಾರ! ಹಿಂದ ತಿರುಗಿನೂ ನೋಡವಲ್ಲರು! … ಸರೀರಿ ಮಲ್ಲಿಕಸಾಬ್ರ, ಹಾದಿ ಬಿಡ್ರಿ, ಸರೀರಿ!