ಅಂಗೈಯ ನೀರು

೧೯೫೮ರ ಜನವರಿ. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸೊರಬದ ಬಸ್ಸಿಗೆ ಕಾಯುತ್ತಿದ್ದ ಚೌಡಪ್ಪ ಮೇಷ್ಟ್ರ ಪಕ್ಕದಲ್ಲೇ ಅಕ್ಕ, ತಮ್ಮ ಕೂತಿದ್ದರು. ತಮ್ಮನಿಗೆ ಐವತ್ತು ದಾಟಿರಬಹುದು, ಕೈ ನಡುಗುತ್ತಿತ್ತು.

“ಹೆಂಡ್ತಿ ತೀರಿಕೊಂಡಾಗಿಂದ ಹಿಂಗೇ ಅಕ್ಕ. ಪೂಜೆಗೆ ಕೂತ್ರೆ ಅಂಗೈಯಾಗೆ ಲಿಂಗ ನಿಲ್ಲಲ್ಲ. ಎಲ್ಲಿ ಬೀಳ್ತದೋ ಅಂತ ಭಯ. ಪೂಜೇನೇ ಬಿಟ್ಟುಬಿಡ್ಲಾ?”

“ಪೂಜೆ ಹೊತ್ತಿನಾಗೆ ಏನು ನೋಡ್ತೀಯೋ?”

“ಕೈನೇ. ನಡುಗ್ತದಾ ಅಂತ.”

“ಅದು ಪೂಜೆಯೇನೋ? ಕಳ್ಳನ್ನ ಕಾಯೋ ಕಾವಲು! ಹಿಡಿ ಕೈ.”

ಅಕ್ಕ ಚೊಂಬಿನಿಂದ ಅವನ ಎಡಗೈಗೆ ನೀರು ಬಗ್ಗಿಸಿದರು. ಎರಡು ಹನಿ ಕೆಳಗೆ ಬಿದ್ದವು.

“ಚೆಲ್ತದಕ್ಕ.”

“ಚೆಲ್ಲಲಿ. ನೀರಾಗೆ ಏನು ಕಾಣ್ತದೆ?”

“ಹೆಂಚಿನ ಸಂದಿ ಬೆಳಕು. ಒಂದು ಚುಕ್ಕಿ.”

“ಅದನ್ನೇ ನೋಡು. ಕೈ ಅದರ ಪಾಡಿಗೆ ಇರ್ತದೆ.”

ಶಿರಾಳಕೊಪ್ಪದ ಬಸ್ಸು ಹಾರ್ನ್ ಹೊಡೆಯುತ್ತ ಬಂದು ನಿಂತಿತು. ಜನ ನುಗ್ಗಿದರು, ಯಾರದೋ ಗಂಟು ಅವನ ಭುಜಕ್ಕೆ ತಾಗಿತು. ಅವನ ರೆಪ್ಪೆ ಅಲುಗಲಿಲ್ಲ, ಅಂಗೈಯ ನೀರೂ ಅಲುಗಲಿಲ್ಲ. ತಾವು ಉಸಿರು ಬಿಗಿಹಿಡಿದದ್ದು ಮೇಷ್ಟ್ರಿಗೆ ಆಮೇಲೆ ತಿಳಿಯಿತು.

“ಮಹೇಶಾ, ನಮ್ಮ ಬಸ್ಸು ಕಣೋ.”

“ಯಾವಾಗ ಬಂತಕ್ಕ?”

ಅವನು ಆ ನೀರನ್ನು ಕುಡಿದು, ಅಕ್ಕನ ಚೀಲ ಎತ್ತಿಕೊಂಡು ಬಸ್ಸು ಹತ್ತಿದ. ಮೇಷ್ಟ್ರು ಬಗ್ಗಿ ನೋಡಿದರು. ನೆಲದ ಮೇಲೆ ಮೊದಲು ಬಿದ್ದ ಎರಡೇ ಹನಿ ಇದ್ದವು.