ಯಜಮಾನರ ಉಂಗುರ

ಕ್ಯಾನ್ಸಸ್ ಸಿಟಿಯಲ್ಲಿ ಬೆಳಗ್ಗೆ ಹಿಡಿದ ಮಳೆ ಮಧ್ಯಾಹ್ನ ಮೂರಾದರೂ ಬಿಟ್ಟಿರಲಿಲ್ಲ. ವಾದ್ಯಗಾರರ ಸಂಘದ ಮಹಡಿಯಲ್ಲಿ ಹನ್ನೊಂದು ಮಂದಿ ವಾದ್ಯ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಉಳಿದ ನಾಲ್ವರ ಕಾರು ನೀರು ತುಂಬಿದ ಸೇತುವೆಯಡಿ ಸಿಕ್ಕಿಕೊಂಡಿತ್ತು. ಶನಿವಾರ ಆಂಬ್ರೋಸ್ ಟಿಲ್ಲರಿಯವರ ನೆನಪಿನ ಸಂಗೀತ ಕಛೇರಿ. ಅವರ ಬ್ಯಾಂಡಿನಲ್ಲಿ ಊದಿದವರ ಪೈಕಿ ಇನ್ನೂ ಉಸಿರಾಡುತ್ತಿದ್ದವನು ಟ್ರೊಂಬೋನಿನ ಪರ್ಸಿ ಹೇಗುಡ್ ಒಬ್ಬನೇ. ಎಂಬತ್ತೆರಡು ವರ್ಷ. ಈ ಹುಡುಗರಿಗೆ ಬ್ಯಾಂಡಿನ ಹಳೆಯ ಹಾಡುಗಳನ್ನು, ಅವನ ಮಾತಿನಲ್ಲಿ ‘ಪದ’ಗಳನ್ನು, ಹೇಳಿಕೊಡುತ್ತಿದ್ದವನೂ ಅವನೇ.

ಸ್ಯಾಕ್ಸೊಫೋನಿನ ಡೆಲ್ಫೀನ್ ಬೇಸರಕ್ಕೆ ಹಾಳೆ ತಿರುವುತ್ತಿದ್ದಳು. “ತಾತ, ಈ ‘ನದಿಯಾಚೆ ದೀಪ’ದ ಮೇಲೆ ಒಂದು ಹೆಸರು ಹೊಡೆದು ಇನ್ನೊಂದು ಬರೆದಿದ್ದಾರಲ್ಲ, ಯಾಕೆ?”

ಪರ್ಸಿ ಕಾಫಿ ಲೋಟ ಕೆಳಗಿಟ್ಟ. “ಹೇಳ್ಬೇಕಾದೋರೆಲ್ಲ ಹೋದ್ರು. ಇನ್ನು ನಾನೇ ಹೇಳ್ಬೇಕು. ಕುರ್ಚಿ ಹತ್ರ ಎಳ್ಕೊಳಿ, ಈ ಮಳೇಲಿ ನನ್ನ ದನಿ ಅಷ್ಟು ದೂರ ಬರಲ್ಲ.”

ಆಂಬ್ರೋಸ್ ಯಜಮಾನ್ರು ಹೇಗಿದ್ರು ಅಂತ ಫೋಟೋ ನೋಡಿದ್ರೆ ಗೊತ್ತಾಗಲ್ಲ ಮಕ್ಕಳಾ. ಆರಡಿ ದಾಟಿದ ಆಳು, ಮುಂದೆ ಕೂತ್ರೆ ಪಿಯಾನೊನೇ ಆಟದ ಸಾಮಾನಿನ ಹಾಗೆ ಕಾಣೋದು. ಹದಿನೈದು ಗಂಡಸರನ್ನ ಒಂದೇ ಬಸ್ಸಿಗೆ ತುಂಬ್ಕೊಂಡು ಇಪ್ಪತ್ತು ವರ್ಷ ಊರೂರು ಅಲೆದ ಮನುಷ್ಯ, ಒಂದು ದಿನ ಗಂಟಲು ಏರಿಸಿದೋರಲ್ಲ. ಯಾರಾದ್ರೂ ತಪ್ಪು ಊದಿದ್ರೆ, ಕಿರುಬೆರಳಲ್ಲಿದ್ದ ದಪ್ಪ ಉಂಗುರದಿಂದ ಪಿಯಾನೊ ಮರಕ್ಕೆ ಒಂದೇ ಒಂದು ಸಲ... ಟಕ್. ಅಷ್ಟೇ. ಇಡೀ ಬ್ಯಾಂಡು ನಿಂತುಬಿಡೋದು. ಕಟ್ಟಿಕೊಂಡ ಹೆಂಡತಿ ಕೆಮ್ಮಿದ್ರೆ ಪಕ್ಕದ ಕೋಣೆಯಿಂದ್ಲೇ ಗುರುತು ಸಿಗುತ್ತಲ್ಲ, ನಮಗೆ ಆ ಸದ್ದು ಹಾಗೆ.

ನಾವು ಊದ್ತಿದ್ದದ್ದನ್ನೆಲ್ಲ ಬರೀತಿದ್ದೋನು ಥಡಿಯಸ್ ಕಿಂಬ್ರೊ. ರಾಗ ಯಾರು ಬೇಕಾದ್ರೂ ಗುನುಗಬಹುದು. ಅದನ್ನ ಹದಿನೈದು ಬಾಯಿಗೆ ಹಂಚಿ, ಯಾವಾಗ ಯಾರು ಮಾತಾಡ್ಬೇಕು, ಯಾರು ಬಾಯಿ ಮುಚ್ಕೊಂಡಿರ್ಬೇಕು ಅಂತ ಗೊತ್ತು ಮಾಡೋದಿದ್ಯಲ್ಲ... ಅದು ಅತ್ತೆ ಸೊಸೆಯರು ತುಂಬಿದ ಮನೆ ನಡೆಸಿದ ಹಾಗೆ. ಥಡಿಯಸ್ ಅದನ್ನ ಓಡೋ ಬಸ್ಸಿನಲ್ಲಿ, ಸೂಟ್‌ಕೇಸು ತೊಡೆ ಮೇಲಿಟ್ಕೊಂಡು ಮಾಡೋನು.

ಮೂವತ್ತೆಂಟನೇ ಇಸವೀಲಿ ಮಸ್ಕೋಗಿಯಿಂದ ರಾಸ್ಕೋ ಲೇಥನ್ ಅಂತ ಒಬ್ಬ ಬಂದ. ಇಪ್ಪತ್ತೆರಡು ವರ್ಷ, ಟ್ರಂಪೆಟ್ ಊದೋನು. ಊದಿದ್ರೆ ಸುತ್ತ ಇದ್ದೋರು ತಟ್ಟೆ ಕೆಳಗಿಡೋರು. ಬಂದು ಎಂಟು ತಿಂಗಳಿಗೆ ಕ್ಷಯ ಹಿಡೀತು. ನಮ್ಮವರಿಗೆ, ಕರಿಯರಿಗೆ ಅಂತ ಆಸ್ಪತ್ರೆ ಹಿಂಭಾಗದಲ್ಲೊಂದು ವಾರ್ಡು ಇತ್ತು, ಅಲ್ಲಿ ಮಲಗಿಸಿದ್ರು. ಥಡಿಯಸ್ ನೋಡೋಕೆ ಹೋದಾಗ ದಿಂಬಿನಡಿಯಿಂದ ಏಳು ಹಾಳೆ ತೆಗೆದುಕೊಟ್ಟ.

“ಅಣ್ಣ, ಇದನ್ನ ಸ್ವಲ್ಪ ತಿದ್ದಿಕೊಡು. ಯಜಮಾನ್ರು ನಗಬಾರ್ದು.”

“ನೀನು ಎದ್ದು ಬಾರೋ ಮೊದ್ಲು. ನಿನ್ನ ಕೈಯಾರೆ ಕೊಡುವಂತೆ.”

ಹನ್ನೊಂದು ದಿನಕ್ಕೆ ಹುಡುಗ ಹೋದ. ಥಡಿಯಸ್ ಹಾಳೆ ಬಿಚ್ಚಿ ನೋಡ್ತಾನೆ, ಒಂದು ಸ್ವರ ತಿದ್ದೋ ಹಾಗಿಲ್ಲ. ತಾನು ಜೀವಮಾನವೆಲ್ಲ ಬರೀಬೇಕು ಅಂದ್ಕೊಂಡಿದ್ದನ್ನ ಆ ಎಳೇ ಹುಡುಗ ಕೆಮ್ಮುತ್ತಾ ಬರೆದಿಟ್ಟಿದ್ದ... ಆಗ ಏನಾಗುತ್ತೆ ಒಬ್ಬ ಮನುಷ್ಯನಿಗೆ? ಕಳ್ಳತನ ಮಾಡೋನು ತಾನು ಕಳ್ಳ ಅಂದ್ಕೊಂಡು ಹೊರಡ್ತಾನಾ? ಮೊದಲು ನಕಲು ಮಾಡಿದ. ಆಮೇಲೆ ಆ ಏಳು ಹಾಳೇನ ಒಲೆಗೆ ಹಾಕ್ದ. ಮೂರು ತಿಂಗಳು ಬಿಟ್ಟು ಯಜಮಾನ್ರ ಮುಂದಿಟ್ಟ.

ಯಜಮಾನ್ರು ಪೂರ್ತಿ ಓದಿ, ಕನ್ನಡಕ ತೆಗೆದು, “ಇದು ನಿಂದಾ, ಥಡಿಯಸ್?” ಅಂದ್ರು.

“ನಂದೇ.”

ಅವರು ಅವನ ಮುಖ ಒಂದು ಸಲ ನೋಡಿ, ಹಾಳೆ ಎತ್ತಿಟ್ಕೊಂಡ್ರು. ಹದಿನೆಂಟು ವರ್ಷ ನಮ್ಮ ಕಛೇರಿಯ ಕೊನೇ ಪದ ಅದೇ. ರೇಡಿಯೊದಲ್ಲೂ ಅದೇ. ಥಡಿಯಸ್‌ಗೆ ಹೆಸರು ಬಂತು, ಇಟ್ಟಿಗೆ ಮನೆ ಬಂತು. ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಅವನ ಬಾಯಿಂದ್ಲೇ ಕೇಳ್ದೆ, ತಡೀರಿ.

ಐವತ್ತಾರರಲ್ಲಿ ಯಜಮಾನ್ರು ಎದೆನೋವಿಂದ ತೀರ್ಕೊಂಡ್ರು. ಮಾರನೇ ವರ್ಷ ಶಿಕಾಗೋದ ಕಂಪನಿಯೊಂದು ಅವರ ನೆನಪಿಗೆ ಒಂದು ರೆಕಾರ್ಡು ಮಾಡೋಣ, ಥಡಿಯಸ್ ನಡೆಸಿಕೊಡ್ಲಿ ಅಂತು. ಅಂಚೆ ಕಚೇರೀಲಿದ್ದೋರು, ಹೋಟೆಲಿನ ಬಾಗಿಲು ಕಾಯ್ತಿದ್ದೋರು, ಎಲ್ಲ ಹಳಬರೂ ವಾದ್ಯ ಒರೆಸ್ಕೊಂಡು ಅವರ ಸ್ಟುಡಿಯೊಗೆ ಹೋದ್ವಿ. ಹನ್ನೊಂದು ಪದ ಎರಡೇ ದಿನದಲ್ಲಿ ಬೆಣ್ಣೆ ಹಾಗೆ ಮುಗೀತು. ಉಳಿದದ್ದು ‘ನದಿಯಾಚೆ ದೀಪ’.

ಆ ಪದದ ಶುರುವಿನಲ್ಲಿ ಪಿಯಾನೊ ಇಲ್ಲ. ನುಡಿಸ್ತಿದ್ದೋನು ಎದ್ದು ಗೋಡೆಗೆ ಒರಗಿ ನಿಂತಿದ್ದ, ಪಿಯಾನೊ ಮುಚ್ಚಳ ಹಾಕಿತ್ತು. ನಾವು ಎತ್ತಿಕೊಂಡ್ವಿ. ಒಂಬತ್ತನೇ ಆವರ್ತಕ್ಕೆ ಟ್ರಂಪೆಟ್ ಒಂದೇ ಒಳಗೆ ಬರುತ್ತಲ್ಲ, ರಾಸ್ಕೋ ತನಗೇ ಅಂತ ಬರ್ಕೊಂಡಿದ್ದ ಜಾಗ... ಅಲ್ಲಿ, ಟಕ್.

ಹದಿನೈದು ಜನವೂ ನಿಂತುಬಿಟ್ವಿ. ಯೋಚನೆ ಮಾಡಿ ನಿಲ್ಲಿಸಿದ್ದಲ್ಲ, ಅಭ್ಯಾಸ.

ಗಾಜಿನ ಆಚೆ ಟೇಪು ನೋಡ್ಕೊಳ್ತಿದ್ದೋನು, “ಯಾರಪ್ಪ ಅದು ಕುಟ್ಟಿದ್ದು?” ಅಂದ. ಮತ್ತೆ ಎತ್ತಿಕೊಂಡ್ವಿ. ಮತ್ತೆ ಅದೇ ಜಾಗ. ಟೇಪು ಹಿಂದೆ ತಿರುಗಿಸಿ ಕೇಳಿಸ್ದ, ಸ್ಪಷ್ಟವಾಗಿ ಇತ್ತು. ಥಡಿಯಸ್ ಹಾಳೆ ಇಸ್ಕೊಂಡು ತಪ್ಪು ಹುಡುಕಿದ. ಇದ್ರಲ್ವೇ ಸಿಗೋದು? “ಈ ಪಿಯಾನೊ ಮರವೇ ಬಿರುಕು ಬಿಡ್ತಿದೆ, ಹೊರಗೆ ಹಾಕಿ” ಅಂತ ರೇಗಿದ. ಆರು ಜನ ಸೇರಿ ತಳ್ಳಿ ಓಣಿಗೆ ಹಾಕಿದ್ವಿ. ಎತ್ತಿಕೊಂಡ್ವಿ...

ಟಕ್. ಪಿಯಾನೊ ಮೊದಲು ನಿಂತಿದ್ದ ಕಡೆಯಿಂದ್ಲೇ. ಅಲ್ಲಿ ಬರೀ ನೆಲ, ಬರೀ ಗಾಳಿ. ಸದ್ದು ಮಾತ್ರ ಮರದ್ದೇ.

ಟೇಪಿನೋನು ಹೊಸಬ, ಅವನಿಗೇನು ಗೊತ್ತು. “ಇದನ್ನ ಆಮೇಲೆ ನೋಡ್ಕೊಳ್ಳೋಣ. ಮೈಕಿಗೆ ಪದದ ಹೆಸರು, ಬರೆದೋರ ಹೆಸರು ಹೇಳ್ಬಿಡಿ, ರೆಕಾರ್ಡಿನ ಚೀಟಿಗೆ ಬೇಕು” ಅಂದ. ಥಡಿಯಸ್ ಮೈಕಿನ ಹತ್ರ ಬಗ್ಗಿದ. “ನದಿಯಾಚೆ ದೀಪ. ಬರೆದದ್ದು, ಥಡಿಯಸ್ ಕಿಂಬ್ರೊ.”

ಟಕ್.

ಅವನು ಬಗ್ಗಿದೋನು ಬಗ್ಗಿದ ಹಾಗೇ ಇದ್ದ. ನಮ್ಮ ಕಡೆ ಅಲ್ಲ, ಆ ಖಾಲಿ ಜಾಗದ ಕಡೆ ತಿರುಗಿ ಅಂದ: “ನಂದಲ್ಲ ಯಜಮಾನ್ರೇ. ನಿಮಗೆ ಅವತ್ತೇ ಗೊತ್ತಿತ್ತು.” ಆಮೇಲೆ ಕೂತ್ಕೊಂಡು ಈಗ ನಾನು ಹೇಳಿದ್ನಲ್ಲ, ದಿಂಬು, ಒಲೆ, ಎಲ್ಲ ಹೇಳ್ದ. ನಮ್ಮಲ್ಲಿ ಒಬ್ರಿಗೂ ಅವನ ಮುಖ ನೋಡೋ ಧೈರ್ಯ ಬರ್ಲಿಲ್ಲ.

ಮಾರನೇ ದಿನ ರೈಲು ಹತ್ತಿ ಮಸ್ಕೋಗಿಗೆ ಹೋದ. ಜೊತೆಗೆ ಬಾ ಅಂದ, ಹೋದೆ. ರಾಸ್ಕೋನ ಅಕ್ಕ ವರ್ಲೀನ್ ಹಿತ್ತಲಲ್ಲಿ ಬಟ್ಟೆ ಹರವ್ತಿದ್ರು. ಅವನು ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತೇ ಹೇಳ್ದ. ಆಕೆ ಮೊದಲು ಬುಟ್ಟೀಲಿದ್ದ ಕೊನೇ ಬಟ್ಟೆ ಹರವಿ ಮುಗಿಸಿದ್ರು.

“ನಮ್ಮಮ್ಮ ಪಾತ್ರೆ ತೊಳೀತಾ ರೇಡಿಯೊ ಕೇಳೋಳು,” ಅಂದ್ರು. “ಈ ಪದ ಬಂದ್ರೆ ಸಾಕು, ಇದು ನಮ್ಮ ಹುಡುಗನ ಉಸಿರು ಕಣೇ ಅನ್ನೋಳು. ಸುಮ್ನಿರಮ್ಮ, ಸತ್ತೋರು ಹಾಡ್ತಾರಾ ಅಂತ ನಾನೇ ಗದರ್ತಿದ್ದೆ. ಹದಿನಾರು ವರ್ಷ ಗದರಿದೀನಿ. ಈಗ ಅಮ್ಮನೂ ಇಲ್ಲ.”

“ತಪ್ಪಾಯ್ತು ತಾಯಿ.”

“ಆಯ್ತು. ಹೋಗಿ ಅವನ ಹೆಸರು ಹಾಕು. ಕ್ಷಮಿಸು ಅಂತ ಮಾತ್ರ ನನ್ನ ಕೇಳ್ಬೇಡ. ಅದನ್ನ ಕೊಡೋಳು ಮಣ್ಣಲ್ಲಿದಾಳೆ.”

ವಾರ ಬಿಟ್ಟು ಮತ್ತೆ ಶಿಕಾಗೋ. ಪಿಯಾನೊ ಒಳಗೆ ಬಂದಿತ್ತು. ಥಡಿಯಸ್ ಮೈಕಿಗೆ, “ಬರೆದದ್ದು, ರಾಸ್ಕೋ ಲೇಥನ್” ಅಂದ, ಕಣ್ಣು ಮುಚ್ಚಿ ಕಾದ. ಏನೂ ಇಲ್ಲ. ಒಂದೇ ಸಲಕ್ಕೆ ಮೊದಲಿಂದ ಕೊನೇ ತನಕ ಊದಿದ್ವಿ. ಅಷ್ಟು ಚೆನ್ನಾಗಿ ನಾವು ಯಜಮಾನ್ರು ಬದುಕಿದ್ದಾಗ್ಲೂ ಊದಿರ್ಲಿಲ್ಲ. ಥಡಿಯಸ್ ಆಮೇಲೆ ಆರು ವರ್ಷ ಇದ್ದ, ಒಂದು ಸಾಲು ಬರೀಲಿಲ್ಲ. ಆದ್ರೆ ಸಾಯೋವಾಗ ಮಗು ಹಾಗೆ ನಿದ್ದೇಲೇ ಹೋದ.

ಪರ್ಸಿ ತಣ್ಣಗಾಗಿದ್ದ ಕಾಫಿ ಒಂದು ಗುಟುಕು ಕುಡಿದು ಲೋಟ ಮತ್ತೆ ಕೆಳಗಿಟ್ಟ.

“ಸದ್ಯ, ಅಲ್ಲಿಗೆ ಮುಗೀತಲ್ಲ ತಾತ,” ಎಂದಳು ಡೆಲ್ಫೀನ್.

“ಅವನದು ಮುಗೀತಮ್ಮ.” ಮುದುಕ ತನ್ನ ಕೈಗಳನ್ನು ನೋಡಿಕೊಂಡ. “ಸೋಮವಾರ ನೀವು ‘ವಿಧವೆಯ ಭಾನುವಾರ’ ಊದ್ತಿದ್ರಿ. ನನ್ನ ಹೆಸರಲ್ಲಿರೋ ಒಂದೇ ಒಂದು ಪದ, ನಾನೇ ನಿಮಗೆ ಕಲಿಸಿದ್ದು. ನಡುವೆ ಎಲ್ರೂ ಒಟ್ಟಿಗೇ ನಿಲ್ಲಿಸಿಬಿಟ್ರಿ. ಗೋಡೇಲಿರೋ ಬಿಸಿನೀರಿನ ಪೈಪು ಬಡೀತು ಅಂತ ನಕ್ಕು ಮತ್ತೆ ಶುರು ಮಾಡಿದ್ರಿ... ನಾನು ನಗಲಿಲ್ಲ. ಯಾಕೆ ಅಂತ ಯಾರೂ ಕೇಳ್ಲಿಲ್ಲ. ಅದನ್ನ ಬರೆದೋನಿಗೆ ಅಕ್ಕ ಇಲ್ಲ, ಮಕ್ಕಳಿಲ್ಲ, ಊರು ಯಾವುದು ಅಂತ ಕೂಡ ನನಗೆ ಮರೆತುಹೋಗಿದೆ. ನಾನು ಯಾರ ಹಿತ್ತಲಿಗೆ ಹೋಗಿ ಟೋಪಿ ತೆಗೀಲಿ, ಹೇಳಿ?”